ಡಂಗುರ ಹೊಡೆದ ಹಾಸ್ಯಗಾರ

ತಿಪ್ಪೇಶನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ವೇದಿಕೆಯ ಮೇಲೆ ನಿಂತು ಜನರನ್ನು ನಗಿಸುವುದು ನನ್ನ ಕಸುಬು. ದಿನಕ್ಕೊಂದು ವಿಡಿಯೊ ಹಾಕದಿದ್ದರೆ ಜನ ನನ್ನನ್ನು ಮರೆತೇಬಿಡುತ್ತಾರೆ, ಕಾರ್ಯಕ್ರಮಕ್ಕೆ ಯಾರೂ ಬರುವುದಿಲ್ಲ. ಮನೆಮಂದಿಯ ಮಾತನ್ನೆಲ್ಲ ಹಾಕಿ ಹಾಕಿ ಈಗ ಹೇಳಲು ಏನೂ ಉಳಿದಿಲ್ಲ. ಏನು ಮಾಡಲಿ?"

ಫೋನನ್ನು ಅತ್ತ ಇಟ್ಟು ಮೊದಲು ಕತೆ ಕೇಳು ಮಾರಾಯ ಎಂದು ಗುರುಗಳು ಶುರು ಮಾಡಿದರು.

ಒಂದೂರಲ್ಲಿ ಒಬ್ಬ ಹಾಸ್ಯಗಾರನಿದ್ದ. ಸಂಜೆ ಆಟವಿದ್ದರೆ ಮಧ್ಯಾಹ್ನವೇ ತಮಟೆ ಹಿಡಿದು ಬೀದಿ ಬೀದಿಗೆ ಹೋಗಿ ತಾನೇ ಡಂಗುರ ಹೊಡೆಯುತ್ತಿದ್ದ. ಇವತ್ತು ಆಟ ಇದೆ, ಬನ್ನಿ ಎನ್ನುವುದು, ಮುಂದಿನ ಬೀದಿಗೆ ಹೋಗುವುದು. ಅಷ್ಟೇ.

ಅವನ ಹಾಸ್ಯವೆಲ್ಲ ಬರುತ್ತಿದ್ದುದು ಹೆಂಡತಿಯಿಂದ. ಆಕೆ ರೊಟ್ಟಿ ತಟ್ಟುತ್ತ ಊರಿನ ಸಂಗತಿ, ತವರಿನ ಸಂಗತಿ ಎಲ್ಲವನ್ನೂ ಅವರವರ ಧಾಟಿಯಲ್ಲೇ ಆಡಿ ತೋರಿಸುತ್ತಿದ್ದಳು. ಇವನು ಒಲೆಯ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ಮಾತನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟು, ಹೆಸರು ಬದಲಿಸಿ, ಊರು ಬದಲಿಸಿ, ಆಮೇಲೆ ಆಟಕ್ಕೆ ತರುತ್ತಿದ್ದ. ಯಾರ ಮನೆಯ ಮಾತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಡತಿಯೂ ಮುಂದೆ ಕೂತು ನಗುತ್ತಿದ್ದಳು.

ಒಂದು ದಿನ ಬೀದಿಯವರು, ಬರೀ ಬನ್ನಿ ಅಂದರೆ ಹೇಗಯ್ಯ, ರುಚಿಗೆ ಒಂದು ಹೇಳು ಎಂದರು. ಹೇಳಿದ. ಅವತ್ತು ಜನ ಹೆಚ್ಚು ಬಂದರು. ಅಲ್ಲಿಂದ ಎಡವಟ್ಟು ಶುರುವಾಯಿತು ನೋಡು. ಪ್ರತಿ ಬೀದಿಯೂ ಹೊಸದನ್ನೇ ಕೇಳತೊಡಗಿತು. ಹೆಸರು ಬದಲಿಸುವಷ್ಟು ಪುರುಸೊತ್ತೂ ಇವನಿಗೆ ಉಳಿಯಲಿಲ್ಲ. ಬೆಳಿಗ್ಗೆ ಆಕೆ ಆಡಿದ್ದು ಮಧ್ಯಾಹ್ನಕ್ಕೆ ತಮಟೆಯ ಜೊತೆ ಬೀದಿಯಲ್ಲಿರುತ್ತಿತ್ತು.

ಆಕೆಯ ತಾಯಿಗೆ ವಯಸ್ಸಾಗಿ ಮರೆವು ಬಂದಿತ್ತು. ನೋಡಲು ಹೋದ ಮಗಳನ್ನೇ, ಯಾರ ಮನೆಯವಳಮ್ಮ ನೀನು ಎಂದು ಕೇಳಿ, ಕುಂಕುಮ ಕೊಟ್ಟು, ಕುಪ್ಪಸದ ಕಣ ಕೊಟ್ಟು, ಬಾಗಿಲವರೆಗೆ ಬಂದು ಮರ್ಯಾದೆಯಿಂದ ಕಳಿಸಿದ್ದಳು. ಮಗಳು ಅದನ್ನು ಗಂಡನ ಮುಂದೆ ಆಡಿ ತೋರಿಸಿ ನಕ್ಕಳು, ನಗುತ್ತಲೇ ಅತ್ತಳು. ಅವನು ಅವಳ ಕಣ್ಣು ಒರೆಸಿದ. ಮಧ್ಯಾಹ್ನ ಅದನ್ನೇ ಡಂಗುರ ಹೊಡೆದ.

ಊರು ಬಿದ್ದು ಬಿದ್ದು ನಕ್ಕಿತು. ಸಂಜೆಯ ಆಟಕ್ಕೆ ಕಾಲಿಡಲು ಜಾಗವಿರಲಿಲ್ಲ. ಆಕೆ ನೀರಿಗೆ ಹೋದರೆ, ಯಾರ ಮನೆಯವಳಮ್ಮ ನೀನು ಎಂದು ಕಂಡಕಂಡವರು ಕೇಳಿ ನಗತೊಡಗಿದರು.

ಹಾಸ್ಯಗಾರ ಬೀಗುತ್ತ ಮನೆಗೆ ಬಂದ. ಹೆಂಡತಿ ಊಟಕ್ಕೆ ಬಡಿಸಿದಳು. ಇವತ್ತೇನು ವಿಶೇಷ ಎಂದು ಕೇಳಿದ.

"ಏನಿಲ್ಲ" ಎಂದಳು.

ಮರುದಿನವೂ ಅದೇ ಮಾತು. ಅವನು ಕಾಡಿದ, ಬೇಡಿದ, ತಪ್ಪಾಯಿತು ಎಂದ. ಆಕೆ ಸಿಟ್ಟು ಮಾಡಲಿಲ್ಲ, ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುವುದನ್ನೂ ಬಿಡಲಿಲ್ಲ. ಏನಾಯಿತು ಎಂದು ಕೇಳಿದಾಗಲೆಲ್ಲ ಏನಿಲ್ಲ ಎಂದಳು. ಅವನು ಸಾಯುವವರೆಗೂ ಹಾಗೆಯೇ ನಡೆಯಿತು.

ಕತೆ ಕೇಳಿದ ತಿಪ್ಪೇಶ, ಹಾಗಾದರೆ ಡಂಗುರ ಹೊಡೆಯಲೇಬಾರದೇ ಎಂದು ಕೇಳಿದ. ಹೊಡೆಯಪ್ಪ, ಯಾರು ಬೇಡ ಅಂದರು ಎಂದು ಗುರುಗಳು ಅವನತ್ತ ತಿರುಗಿದರು.

"ನಿನ್ನ ಮನೆಯಲ್ಲಿ ಈಗಲೂ ನಿನ್ನ ಮುಂದೆ ಮನಸ್ಸು ಬಿಚ್ಚಿ ಮಾತಾಡುವವರು ಯಾರಿದ್ದಾರೆ, ಅದನ್ನು ಹೇಳು."

"ಈಗ ಏನು ಕೇಳಿದರೂ ಮನೆಯಲ್ಲಿ ಏನಿಲ್ಲ ಅಂತಾರೆ ಗುರುಗಳೇ" ಎಂದ ತಿಪ್ಪೇಶ.