ಸಾಕು ಎಂದ ಕೋಳಿ

ಫಾರಂ ಕೋಳಿಯೊಂದು ಮೈಭಾರಕ್ಕೆ ನಿಲ್ಲಲಾರದೆ ಮೇವಿನ ಡಬ್ಬಕ್ಕೆ, "ಸಾಕು," ಎಂದಿತು.

"ಸಾಕ್ತಾನೇ ಇದ್ದೀನಲ್ಲಮ್ಮ," ಎಂದು ಡಬ್ಬ ಇನ್ನಷ್ಟು ಕಾಳು ಸುರಿಸಿತು.

"ಅಯ್ಯೋ, ಹೊಟ್ಟೆ ತುಂಬಿತು ಅಂದೆ. ಈ ಕಾಳಿಗೆ ಏನು ಬೆರೆಸಿದ್ದೀಯೋ, ತಿಂದಷ್ಟೂ ಇನ್ನೂ ಬೇಕು ಅನಿಸುತ್ತೆ," ಎನ್ನುತ್ತಲೇ ಕೋಳಿ ಮತ್ತೆ ನಾಲ್ಕು ಕಾಳು ಕುಕ್ಕಿತು.

"ಕೊಕ್ಕು ನಿನ್ನದು, ಆಸೆ ನಿನ್ನದು. ನಾನೇನು ಕತ್ತು ಹಿಡಿದು ತಿನ್ನಿಸಿದೆನಾ? ಬೇಡವಾದರೆ ಬಾಗಿಲು ತೆರೆದೇ ಇದೆ, ನಡಿ."

ಕೋಳಿ ನಾಚಿಕೊಂಡು ಎದ್ದಿತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಮಡಚಿ ಬಿದ್ದಿತು.

ಮಾಂಸದಂಗಡಿಗೆ ಕೋಳಿ ಆರಿಸಲು ಬಂದ ಯಜಮಾನ ಅದನ್ನು ತಲೆಕೆಳಗಾಗಿ ಎತ್ತಿ, "ಭಲೇ, ಎಂಥ ತೂಕ!" ಎಂದ.

"ಎಲ್ಲಾ ನನ್ನ ಕಾಳಿನ ಮಹಿಮೆ, ಧಣಿ," ಎಂದಿತು ಡಬ್ಬ.