ತವರುದೊಣೆಯ ಕರಿ ಗೆಂಡೆಗಳು

ನೇರಳಗುಡ್ಡವನ್ನು ಮುಕ್ಕಾಲು ಪಾಲು ಹತ್ತಿ, ಏದುಸಿರು ಬಿಡುತ್ತ ಬಲಕ್ಕೆ ತಿರುಗಿದರೆ ಎರಡು ಹೆಬ್ಬಂಡೆಗಳ ನಡುವೆ ಒಂದು ದೊಣೆ ಸಿಗುತ್ತದೆ. ಬಂಡೆಯ ಹೊಂಡದಲ್ಲಿ ನಿಂತ ಮಳೆನೀರು, ಅಷ್ಟೇ. ಆದರೆ ಎಂಥ ಬೇಸಿಗೆಯಲ್ಲೂ ಅದು ಬತ್ತಿದ್ದನ್ನು ಕಂಡವರಿಲ್ಲ. ಬಿಸಿಲು ಬೀಳದ ಆ ನೀರು ಕಾಡಿಗೆಯಂತೆ ಕಪ್ಪು. ಅದರೊಳಗಿನ ಗೆಂಡೆ ಮೀನುಗಳೂ ಕಪ್ಪು. ತಲೆ ದಪ್ಪ, ಮೈ ಕಡ್ಡಿ. ಗುಡ್ಡದ ಬುಡದ ಊರಕೆರೆಯಲ್ಲಿ ನೋಡಿದರೆ ಗೆಂಡೆಗಳು ಬೆಳ್ಳಗೆ, ಅಂಗೈಯಗಲ, ಉಂಡು ತೇಗಿದವರ ಹಾಗಿರುತ್ತವೆ. ಹೊಸಬರು ಇವೆರಡೂ ಬೇರೆ ಬೇರೆ ಜಾತಿಯೆಂದು ಆಣೆ ಮಾಡಿ ಹೇಳುತ್ತಾರೆ. ಊರಿನವರು ನಕ್ಕುಬಿಡುತ್ತಾರೆ. ದೊಣೆಗೆ ತವರುದೊಣೆ ಎಂದು ಹೆಸರು. ಮನೆಮಠ ಒಂದೂ ಇಲ್ಲದ ಈ ಬಂಡೆಯ ಮೇಲೆ ಯಾರ ತವರಪ್ಪಾ ಇದು ಎಂದು ಕೇಳಿದರೆ ಮಾತ್ರ ಅವರು ಕೂತು ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಂತೆ, ಒಂಬತ್ತು ದಿನ ಬಿಡದೆ ಮಳೆ ಹೊಡೆದು ಕೆರೆಯ ಏರಿ ಬಿರುಕು ಬಿಟ್ಟಿತು. ಎಲ್ಲರೂ ಗುಡ್ಡ ಹತ್ತಬೇಕೆಂದು ಊರಗೌಡ ಚಿಕ್ಕೀರಪ್ಪ ತಮಟೆ ಹೊಡೆಸಿದ. ಜನ ಮಕ್ಕಳನ್ನು, ದನಕರುಗಳನ್ನು, ಕಾಳುಕಡಿಯನ್ನು ಕಟ್ಟಿಕೊಂಡು ಹೊರಟರು. ಬೆಸ್ತರ ಕೇರಿಯ ಮಾಳಕ್ಕ ಮಾತ್ರ ಬೇರೆಯೇ ಕೆಲಸಕ್ಕೆ ಇಳಿದಳು. ಗಂಡ ತೀರಿಕೊಂಡ ಮೇಲೆ ತಾನೇ ಬಲೆ ಬೀಸಿ ಅತ್ತೆಯನ್ನು ಸಾಕುತ್ತಿದ್ದ ಹೆಂಗಸು ಅವಳು. ಮನೆಯಲ್ಲಿ ಇದ್ದದ್ದು ಒಂದೇ ಗುಡಾಣ, ಅದರ ತುಂಬ ರಾಗಿ. ಅವಳು ಆ ರಾಗಿಯನ್ನು ಹೊಸ್ತಿಲ ಮೇಲೆ ಸುರಿದು, ಗುಡಾಣದಲ್ಲಿ ಕೆರೆಯ ನೀರು ತುಂಬಿ, ಸಿಕ್ಕಷ್ಟು ಗೆಂಡೆಮರಿಗಳನ್ನು ಗೋರಿ ಹಾಕಿಕೊಂಡಳು. ಅತ್ತೆ ಹುಚ್ಚವ್ವ ಎದೆ ಎದೆ ಬಡಿದುಕೊಂಡಳು.

"ನಾಳೆ ತಿನ್ನಾಕೆ ರಾಗಿ ಬ್ಯಾಡವೇನೇ, ಬುದ್ಧಿಗೇಡಿ!"

"ರಾಗಿನ ಯಾರಾದ್ರೂ ಕೊಟ್ಟಾರು ಅತ್ತೆ. ಈ ಕೆರೆ ಮೀನ ಯಾರು ಕೊಟ್ಟಾರು?" ಎಂದವಳೇ ಮಾಳಕ್ಕ ಗುಡಾಣವನ್ನು ತಲೆಗೇರಿಸಿಕೊಂಡು ಗುಡ್ಡ ಹತ್ತಿದಳು. ಮರಿಗಳನ್ನು ದೊಣೆಗೆ ಬಿಟ್ಟು ಹಿಂತಿರುಗಿ ನೋಡುವಷ್ಟರಲ್ಲಿ ಏರಿ ಒಡೆದು, ಕೆರೆ ಮೀನುಗಳ ಸಮೇತ ಹರಿದುಹೋಗಿತ್ತು.

ಏರಿ ಕಟ್ಟಲು ಐದು ವರ್ಷ ಹಿಡಿಯಿತು. ಬೆಸ್ತರ ಹನ್ನೆರಡು ಮನೆಯವರೂ ಮಣ್ಣು ಹೊತ್ತರು. ಹೊರುವಾಗಲೆಲ್ಲ ಮಾಳಕ್ಕನಿಗೆ ಒಂದೇ ಹೆಸರು, ರಾಗಿ ಚೆಲ್ಲಿದವಳು ಎಂದು. ಸೊಂಟ ನೆಟ್ಟಗಾಗದಷ್ಟು ದುಡಿತದಲ್ಲಿ ಗುಡ್ಡ ಹತ್ತಿ ಮೀನು ನೋಡಿ ಬರುವ ತ್ರಾಣ ಅವಳಿಗೆಲ್ಲಿತ್ತು? ಕೊನೆಗೆ ಕೆರೆ ತುಂಬಿದಾಗ ಅದರಲ್ಲಿ ಒಂದು ಮೀನೂ ಇರಲಿಲ್ಲ. ಮೀನು ತಂದು ಬಿಟ್ಟವರಿಗೇ ಬಲೆಯ ಹಕ್ಕು ಎಂಬುದು ಆ ಸೀಮೆಯ ಕಟ್ಟಳೆ. ಹೊಳೆಯಾಚೆಯ ಬೆಸ್ತರು ಮೀನು ತರುತ್ತೇವೆಂದು ಗೌಡನಿಗೆ ಹೇಳಿಕಳಿಸಿದರು. ಹಾಗಾದರೆ ಈ ಹನ್ನೆರಡು ಮನೆಗಳು ಊರು ಬಿಡಬೇಕು, ಬೇರೆ ದಾರಿಯಿಲ್ಲ. ಮಾಳಕ್ಕ ಅದೇ ಗುಡಾಣ ಹಿಡಿದು ಗುಡ್ಡಕ್ಕೆ ಓಡಿದಳು. ದೊಣೆಯಲ್ಲಿ ಇಣುಕಿದರೆ ಅವಳಿಗೆ ಕಂಡದ್ದೇ ಬೇರೆ. ಬೆಳ್ಳಗಿನ ಮರಿಗಳನ್ನು ಬಿಟ್ಟ ಕಡೆ ಕರಿ ಕಡ್ಡಿಗಳಂಥ ಮೀನುಗಳು ಓಡಾಡುತ್ತಿದ್ದವು. ಒಂದನ್ನು ಬೊಗಸೆಯಲ್ಲಿ ಹಿಡಿದು ಬಿಸಿಲಿಗೆ ತಂದಳು. ಬಾಲದ ಬುಡದಲ್ಲಿ ದುಂಡನೆಯ ಮಚ್ಚೆ ಇತ್ತು. ತಮ್ಮ ಕೆರೆಯ ಗೆಂಡೆಗೆ ಗಂಗಮ್ಮತಾಯಿ ಇಟ್ಟ ಬೊಟ್ಟು ಎಂದು ಬೆಸ್ತರು ಹೇಳುತ್ತಿದ್ದ ಮಚ್ಚೆ ಅದು. ಮಾಳಕ್ಕನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಗುಡಾಣದ ತುಂಬ ಮೀನು ಗೋರಿಕೊಂಡು ಗೌಡನ ಬಳಿಗೆ ಇಳಿದು ಬಂದಳು.

ಗುಡಾಣದೊಳಗೆ ಇಣುಕಿದ ಗೌಡ ಹುಬ್ಬು ಗಂಟಿಕ್ಕಿದ. "ಏನವ್ವಾ ಮಾಳಿ ಇದು? ನಮ್ ಕೆರೆ ಗೆಂಡೆ ಬೆಳ್ಳಿ ತಟ್ಟೆ ಇದ್ದಂಗಿತ್ತು. ಇವು ಸುಟ್ಟ ಕೊಳ್ಳಿ ಇದ್ದಂಗವೆ."

"ಕತ್ತಲ ನೀರಾಗಿದ್ದು ಕಪ್ಪಾಗವೆ, ಗೌಡ್ರೇ. ಪಾಚಿ ಬಿಟ್ರೆ ತಿನ್ನಾಕೆ ಏನಿತ್ತು ಅಲ್ಲಿ? ತಲೆ ಬೆಳೀತು, ಮೈ ಬೆಳೀಲಿಲ್ಲ. ನೀವು ನೀರು ಕೊಡಿ, ಮೈಬಣ್ಣ ಅವೇ ತಂದ್ಕತವೆ."

"ತರ್ದಿದ್ರೆ?"

"ಎರಡು ಮಳೆಗಾಲ ನೋಡಿ. ತರ್ದಿದ್ರೆ ನಮ್ಮ ಹನ್ನೆರಡು ಮನೆಯೋರೂ ಬಲೆ ಮಡಚ್ಕಂಡು ಹೋಗ್ತೀವಿ."

ಗೌಡ ಒಪ್ಪಿದ, ಮೀನುಗಳು ಕೆರೆಗೆ ಇಳಿದವು. ಕೇರಿಯವರು ಮಾತ್ರ ಕೆಂಡವಾದರು. ಅವತ್ತು ತನ್ನ ರಾಗಿ ಚೆಲ್ಲಿದಳು, ಇವತ್ತು ನಮ್ಮೆಲ್ಲರ ಅನ್ನ ಚೆಲ್ಲಿ ಬಂದಳು ಎಂದು ಅವಳೊಡನೆ ಮಾತೇ ಬಿಟ್ಟರು. ಮಾಳಕ್ಕ ದಿನವೂ ಕೆರೆಯ ಮೆಟ್ಟಿಲ ಮೇಲೆ ಕೂತು ಹಿಡಿ ತೌಡು ಎರಚಿ ನೋಡುವಳು. ತಿಂಗಳು ಕಳೆದ ಮೇಲೆ ಒಂದು ಮೀನು ಮೇಲೆದ್ದಾಗ ಅದರ ಬೆನ್ನು ಬೂದಿಬಣ್ಣಕ್ಕೆ ತಿರುಗಿತ್ತು. ಬಣ್ಣ ಬಂತು, ಮೈ ಬರುವುದೋ ಇಲ್ಲವೋ ಎಂಬ ಅಳುಕಿನಲ್ಲಿ ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಎರಡನೆಯ ಮಳೆಗಾಲ ಕಳೆಯಿತು. ಊರೆಲ್ಲ ಏರಿಯ ಮೇಲೆ ಸೇರಿತು. ಮಾಳಕ್ಕ ಬಲೆ ಬೀಸಿ ಎಳೆದಳು, ಎಳೆದರೆ ಭಾರವಾಗಿತ್ತು. ಬಲೆ ಬಿಚ್ಚಿದಾಗ ಹೊಸ ಸಂತಾನದ ಗೆಂಡೆಗಳು ಅಂಗೈಯಗಲ, ಬೆಳ್ಳಗೆ, ಬಿಸಿಲಿಗೆ ಥಳಥಳ ಹೊಳೆಯುತ್ತ ಹೊರಳಾಡಿದವು. ಜನರನ್ನು ತಳ್ಳಿಕೊಂಡು ಬಂದ ಹುಚ್ಚವ್ವ ಒಂದೊಂದೇ ಮೀನಿನ ಬಾಲ ತಿರುಗಿಸಿ ನೋಡಿ, "ಬೊಟ್ಟೈತೆ ಕಣ್ರೋ! ಎಲ್ಲಕ್ಕೂ ಬೊಟ್ಟೈತೆ!" ಎಂದು ಕೂಗಿಕೊಂಡಳು. ರಾಗಿ ಚೆಲ್ಲಿದ ಸೊಸೆಯನ್ನು ಅಂದು ಅವಳು ಊರೆದುರಿಗೇ ತಬ್ಬಿಕೊಂಡಳಂತೆ.

ಗೌಡನಿಗೂ ನಗು ಬಂತು. "ಸೋತೆ ಕಣವ್ವ. ಒಂದು ಮಾತು ಹೇಳು, ಇವಕ್ಕೆ ತವರು ಯಾವ್ದು? ಕೆರೆಯೋ, ದೊಣೆಯೋ?"

"ಹುಟ್ಟಿದ್ದು ಕೆರೇಲಿ, ಗೌಡ್ರೇ. ಆದ್ರೆ ಮನೆ ಮುರಿದಾಗ ಬಾ ಅಂತ ಕರೆದಿದ್ದು ದೊಣೆ. ತವರು ಅಂದ್ರೆ ಅದೇ ಅಲ್ವಾ?"

ಅಂದಿನಿಂದ ಅದು ತವರುದೊಣೆ ಎನ್ನುತ್ತಾರೆ. ಈಗಲೂ ಮಳೆಗಾಲ ಮುಗಿದ ಮೇಲೆ ಬೆಸ್ತರ ಹೆಂಗಸರು ಕೆರೆಯ ಒಂದಷ್ಟು ಮರಿಗಳನ್ನು ಗುಡಾಣದಲ್ಲಿ ಹೊತ್ತು ದೊಣೆಗೆ ಬಿಡುತ್ತಾರೆ. ಬೆಳ್ಳಗೆ ಹೋದ ಮರಿಗಳು ಕೆಲವೇ ವಾರಗಳಲ್ಲಿ ಕಪ್ಪಾಗುತ್ತವೆ. ಇದನ್ನು ನಂಬದ ಹೊಸಬರಿಗೆ ಯಾರಾದರೂ ಹಿರಿಯರು ಒಂದು ಕರಿ ಮೀನನ್ನು ಬೊಗಸೆಯಲ್ಲಿ ಹಿಡಿದು, ಬಿಸಿಲಿಗೆ ತಂದು, ಬಾಲದ ಬೊಟ್ಟು ತೋರಿಸಿ ಮತ್ತೆ ನೀರಿಗೆ ಬಿಡುತ್ತಾರೆ. ಗುಡ್ಡ ಇಳಿದು ಬೆಸ್ತರ ಕೇರಿಯಲ್ಲಿ ಹಾದುಹೋಗುವವರಿಗೆ, ಮರಿ ಬಿಡುವ ದಿನ, ಇನ್ನೊಂದು ನೋಟವೂ ಕಾಣುತ್ತದೆ. ಗುಡಾಣ ಹೊತ್ತುಹೋದ ಪ್ರತಿ ಮನೆಯ ಹೊಸ್ತಿಲ ಮೇಲೂ ಒಂದು ಹಿಡಿ ರಾಗಿ ಚೆಲ್ಲಿರುತ್ತದೆ. ಅದನ್ನು ಯಾರೂ ಗುಡಿಸುವುದಿಲ್ಲ.