ಗಿರಾಕಿಗಳನ್ನು ನೋಡಿಕೊಂಡ ಮ್ಯಾನೇಜರ್

ರಾಣೆಬೆನ್ನೂರಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ನಡೆಸುವ ಗುರುಬಸವ್ವನಿಗೆ ಒಂದು ವಾರ ಹೊಸ ಗಿರಾಕಿಗಳ ಫೋನೇ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿ ನೋಡಿದಳು. ಅಂಗಡಿಗಳ ನಂಬರು ಪಟ್ಟಿ ಮಾಡುವ ಯಾವುದೋ ಡೈರೆಕ್ಟರಿ ಕಂಪನಿ ಅವಳ ಅಂಗಡಿಯ ಹೆಸರಿನ ಕೆಳಗೆ ತನ್ನ ನಂಬರು ಹಾಕಿ, ಬಂದ ಗಿರಾಕಿಗಳನ್ನು ಬೇರೆ ಅಂಗಡಿಗಳಿಗೆ ಕಳಿಸುತ್ತಿತ್ತು.

ಅವಳು ಆ ನಂಬರಿಗೇ ಫೋನ್ ಮಾಡಿದಳು. ಮ್ಯಾನೇಜರ್ ಗತ್ತಿನಿಂದ ಹೇಳಿದ, “ದುಡ್ಡು ಕಟ್ಟಿ ಗೋಲ್ಡ್ ಮೆಂಬರ್ ಆಗಿ, ನಿಮ್ಮ ನಂಬರ್ ಹಾಕ್ತೀವಿ. ಅಲ್ಲೀವರೆಗೂ ನಿಮ್ಮ ಗಿರಾಕಿಗಳನ್ನ ನಾವೇ ನೋಡ್ಕೋತೀವಿ.”

“ಎಲ್ಲಾರನ್ನೂ ನೋಡ್ಕೋತೀರೇನ್ರಿ?”

“ಎಲ್ಲರನ್ನೂ.”

“ಭಾಳ ಉಪಕಾರ ಆತ್ರಿ,” ಎಂದು ಗುರುಬಸವ್ವ ಫೋನ್ ಇಟ್ಟಳು. ಕೂಡಲೇ ಹಳೆಯ ಗಿರಾಕಿಗಳಿಗೆಲ್ಲ ಆ ಕಂಪನಿಯ ನಂಬರು ಹಾಕಿ ವಾಟ್ಸಾಪ್ ಕಳಿಸಿದಳು: “ನಿಮ್ಮ ಮಿಕ್ಸಿ ಗೊರಗೊರ ಅಂತೈತೇನು? ಈ ನಂಬರಿಗೆ ಫೋನ್ ಹಚ್ಚಿ, ಮಿಕ್ಸಿ ಚಾಲೂ ಮಾಡಿ ಹತ್ರ ಹಿಡೀರಿ. ಸಾಹೇಬ್ರು ಸದ್ದು ಕೇಳಿ ಏನಾಗೇತಿ ಅಂತ ಹೇಳ್ತಾರ. ಪುಕ್ಕಟೆ.”

ಮರುದಿನ ಊರೆಲ್ಲ ಚಟ್ನಿ ರುಬ್ಬುವ ಹೊತ್ತಿಗೆ ಆ ಆಫೀಸಿನ ಫೋನುಗಳು ಒಟ್ಟಿಗೇ ಅಬ್ಬರಿಸಿದವು. ಒಬ್ಬಾಕೆ ಶೇಂಗಾ ಹಾಕಿ ಕೇಳಿಸಿದಳು. ಆಮೇಲೆ ಖಾಲಿ ಜಾರು ತಿರುಗಿಸಿ, “ಈಗ ಫರಕು ಗೊತ್ತಾತೇನ್ರಿ?” ಎಂದಳು. ಮದುವೆ ಅಡುಗೆಯವನೊಬ್ಬ ದೊಡ್ಡ ಗ್ರೈಂಡರನ್ನೇ ಹಚ್ಚಿ, ಇನ್ನೂರು ಜನರ ಮಸಾಲೆ ಮುಗಿಯುವವರೆಗೂ ಫೋನ್ ಇಡಲಿಲ್ಲ.

ಮೂರನೇ ದಿನ ಮ್ಯಾನೇಜರ್ ತಾನೇ ಅಂಗಡಿಗೆ ಓಡಿಬಂದ. “ಅಮ್ಮಾ, ನಿಮ್ಮ ಗಿರಾಕಿಗಳು ನಿಮಗೇ ಇರಲಿ!” ಎಂದು ನಿಂತಲ್ಲೇ ಮೊಬೈಲಿನಲ್ಲಿ ಪಟ್ಟಿ ತಿದ್ದಿ, ಅವಳ ನಂಬರು ಹಾಕಿ ತೋರಿಸಿದ.

ಗುರುಬಸವ್ವ ಕನ್ನಡಕ ಏರಿಸಿ ನೋಡಿ, “ಈಗ ಸರಿ ಆತ್ರಿ,” ಎಂದಳು.

ಮ್ಯಾನೇಜರ್ ಎರಡೂ ಕಿವಿ ಮುಚ್ಚಿಕೊಂಡು ಕೂಗಿದ, “ಮೊದಲು ಆ ಮಿಕ್ಸಿ ಆಫ್ ಮಾಡಿ, ಆಮೇಲೆ ಮಾತಾಡಿ!”

ಅಂಗಡಿಯಲ್ಲಿ ಆಗ ಒಂದು ಮಿಕ್ಸಿಯೂ ತಿರುಗುತ್ತಿರಲಿಲ್ಲ.